ಟೋರಸ್ ಮೇಲೆ ಗ್ರೀನ್ಸ್ ಫಂಕ್ಷನ್: ಝೀರೋ ಮೋಡ್ ಇದ್ದರೆ ಏನು ಮಾಡಬೇಕು?

ಟೋರಸ್ (ಎದುರು ಅಂಚುಗಳನ್ನು ಅಂಟಿಸಿದ ಚೌಕದಂಥ ಮೇಲ್ಮೈ) ಮೇಲೆ ಗ್ರೀನ್ಸ್ ಫಂಕ್ಷನ್, ಅಂದರೆ ಒಂದು ಬಿಂದು ಚಾರ್ಜ್‌ನ ಪೊಟೆನ್ಷಿಯಲ್, ಹುಡುಕುತ್ತಿದ್ದೀರಿ. ಲಾಪ್ಲಾಸಿಯನ್ (ಎರಡನೇ ಡೆರಿವೇಟಿವ್‌ಗಳ ಮೊತ್ತ) ಸ್ಥಿರಾಂಕವನ್ನು ಸೊನ್ನೆ ಮಾಡುತ್ತದೆ, ಅದೇ ಝೀರೋ ಮೋಡ್; ಹಾಗಾಗಿ ಅದಕ್ಕೆ ಇನ್ವರ್ಸ್ ಸಿಗ್ತಿಲ್ಲ, ಸಣ್ಣ ಮಾಸ್ ಪದ (ಮಾಸ್ ವರ್ಗ ಗುಣಿಸು ಫಂಕ್ಷನ್) ಸೇರಿಸಲೋ ಅಥವಾ ಒಂದು ಬಿಂದು ಕೈಬಿಡಲೋ ಅಂತ ಕೇಳಿದ್ದೀರಿ. ಇದೇ ಜಾಗದಲ್ಲಿ ನಾನು ಎರಡು ತಿಂಗಳು ಸಿಕ್ಕಿಹಾಕಿಕೊಂಡಿದ್ದೆ.

ಆಗ ನನ್ನ ಪಿಎಚ್‌ಡಿಯ ಮೊದಲ ವರ್ಷ. ಚೌಕದ ಟೋರಸ್, ಎರಡೂ ಕಡೆ ಉದ್ದ 1. ಥೀಟಾ ಒನ್ (ಟೋರಸ್ ಲೆಕ್ಕಗಳಲ್ಲಿ ಬರುವ ಒಂದು ಕಾಂಪ್ಲೆಕ್ಸ್ ಫಂಕ್ಷನ್) ಫಂಕ್ಷನ್‌ನ ಮಾಡ್ಯುಲಸ್‌ಗೆ ಲಾಗ್ ತೆಗೆದು, ಮೈನಸ್ ಎರಡು ಪೈಯಿಂದ ಭಾಗಿಸಿದರೆ ಚಾರ್ಜ್ ಇರುವ ಬಿಂದುವಿನಲ್ಲಿ ಬೇಕಾದ ಸಿಂಗ್ಯುಲಾರಿಟಿ ಸಿಗುತ್ತದೆ. ಪೂರ್ತಿ ಸೂತ್ರದಲ್ಲಿ ಇನ್ನೊಂದು ಪದವೂ ಇದೆ: ವೈ ವರ್ಗದ ಅರ್ಧ. ವೈ ಅಂದರೆ ಬಿಂದುವನ್ನು ಸೂಚಿಸುವ ಕಾಂಪ್ಲೆಕ್ಸ್ ಸಂಖ್ಯೆ ಝಡ್‌ನ ಇಮ್ಯಾಜಿನರಿ ಭಾಗ. ಈ ಪದ ಇದ್ದರೆ ಡೆರಿವೇಟಿವ್ ಹೋಲೋಮಾರ್ಫಿಕ್ (ಝಡ್‌ನ ಪ್ರಕಾರ ಡಿಫರೆನ್ಷಿಯೇಬಲ್) ಆಗಿ ಉಳಿಯುವುದಿಲ್ಲ. ಸುಮ್ನೆ ಯಾಕೆ ಅಂತ ಬಿಟ್ಟುಬಿಟ್ಟೆ.

ಬಿಟ್ಟಿದ್ದು ಗೊತ್ತಾಗದೇ ಹೋಗಿದ್ದು ಹೇಗೆ ಅಂತ ಹೇಳಲೇಬೇಕು. ಚೌಕವನ್ನು ವೈ ಮೈನಸ್ ಅರ್ಧದಿಂದ ಪ್ಲಸ್ ಅರ್ಧದವರೆಗೆ ಇಟ್ಟಿದ್ದೆ. ಎರಡೂ ಅಂಚಿನ ಬೆಲೆಗಳನ್ನು ಹೋಲಿಸಿದೆ. ಹತ್ತು ದಶಮಾಂಶದವರೆಗೂ ಒಂದೇ! ಪೀರಿಯಾಡಿಕ್ ಆಗಿದೆ ಅಂತ ನಂಬಿದೆ. ಆದರೆ ಥೀಟಾ ಒನ್ ಬೆಸ ಫಂಕ್ಷನ್, ಅದರ ಮಾಡ್ಯುಲಸ್ ಸಮ (ಝಡ್ ಚಿಹ್ನೆ ಬದಲಿಸಿದರೂ ಅದೇ ಬೆಲೆ); ಚೌಕದ ಟೋರಸ್‌ನಲ್ಲಿ ವೈ ಚಿಹ್ನೆ ಮಾತ್ರ ತಿರುಗಿಸಿದರೂ ಅದೇ ಬೆಲೆ. ಅಲ್ಲಿ ಬೆಲೆಗಳು ಹೊಂದುವುದಕ್ಕೆ ಆ ಸಿಮಿಟ್ರಿಯೇ ಕಾರಣ. ನಾನು ನೋಡಬೇಕಿದ್ದದ್ದು ಇಳಿಜಾರನ್ನು. ಎರಡು ಅಂಚು ಸೇರುವ ಹೊಲಿಗೆಯ ಗೆರೆ ದಾಟುವಾಗ ಅದು ಸರಿಯಾಗಿ 1 ಜಿಗಿಯುತ್ತಿತ್ತು. ಗೆರೆಯ ಉದ್ದವೂ 1. ಅಂದರೆ ಒಂದು ಪೂರ್ತಿ ವಿರುದ್ಧ ಚಾರ್ಜ್ ಆ ಗೆರೆಯ ಮೇಲೆ ಹರಡಿ ಕೂತಿತ್ತು. ಮೇಲ್ಮೈ ತುಂಬ ಸಮನಾಗಿ ಇರಬೇಕಿದ್ದದ್ದನ್ನು ನಾನು ತೆಗೆದುಹಾಕಿದ್ದೆ, ಅದು ಹೊಲಿಗೆಗೆ ಬಂದು ಸೇರಿಕೊಂಡಿತ್ತು. ನಾನೋ ಎರಡು ತಿಂಗಳು ಇಂಟಿಗ್ರೇಷನ್ ಕೋಡ್‌ನಲ್ಲಿ ಬಗ್ ಹುಡುಕುತ್ತಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಝೀರೋ ಮೋಡ್ ರೋಗವಲ್ಲ, ಅದಕ್ಕೆ ಮದ್ದು ಬೇಡ. ಅಂಚಿಲ್ಲದ ಮುಚ್ಚಿದ ಮೇಲ್ಮೈ ಮೇಲೆ ಲಾಪ್ಲಾಸಿಯನ್‌ನ ಇಂಟಿಗ್ರಲ್ ಯಾವಾಗಲೂ ಸೊನ್ನೆ, ಡೆಲ್ಟಾದ್ದು (ಒಂದೇ ಬಿಂದುವಿನಲ್ಲಿರುವ ಚಾರ್ಜ್‌ನದ್ದು) 1. ಹಾಗಿರುವಾಗ ಎರಡೂ ಸಮ ಹೇಗಾಗುತ್ತವೆ? ಒಂದನ್ನು ವಿಸ್ತೀರ್ಣದಿಂದ ಭಾಗಿಸಿ, ಬಂದದ್ದನ್ನು ಡೆಲ್ಟಾದಿಂದ ಕಳೆಯಿರಿ. ಆಗ ಉತ್ತರ ಇದೆ, ಒಂದು ಸ್ಥಿರಾಂಕ ಬಿಟ್ಟರೆ ಒಂದೇ ಇದೆ. ವೈ ವರ್ಗದ ಪದ ಮಾಡುವ ಕೆಲಸವೇ ಅದು. ಜೀನಸ್ (ಮೇಲ್ಮೈಯ ತೂತುಗಳ ಸಂಖ್ಯೆ) ಜಾಸ್ತಿಯಾದರೆ ಥೀಟಾ ಜಾಗಕ್ಕೆ ಪ್ರೈಮ್ ಫಾರ್ಮ್ ಎಂಬ ಅದರ ಸಾಮಾನ್ಯ ರೂಪ ಬರುತ್ತದೆ, ಈ ಪದ ಪೀರಿಯಡ್ ಮ್ಯಾಟ್ರಿಕ್ಸ್‌ನ (ಮೇಲ್ಮೈಯ ಆಕಾರ ಹೇಳುವ ಮ್ಯಾಟ್ರಿಕ್ಸ್) ಇಮ್ಯಾಜಿನರಿ ಭಾಗದ ಇನ್ವರ್ಸ್ ಹೊತ್ತುಕೊಂಡು ಬರುತ್ತದೆ.

ಮಾಸ್ ಸೇರಿಸಿದರೆ ಅದರ ವರ್ಗಕ್ಕೆ ವಿಲೋಮವಾಗಿ ಬೆಳೆಯುವ ದೊಡ್ಡ ಸ್ಥಿರಾಂಕ ಬರುತ್ತದೆ. ಒಟ್ಟು ಚಾರ್ಜ್ ಸೊನ್ನೆ ಇದ್ದರೆ ಅದು ತಾನೇ ರದ್ದಾಗುತ್ತದೆ, ಹಾಗಿದ್ದರೆ ಮಾಸ್ ಯಾಕೆ ಬೇಕು? ಬಿಂದು ಕೈಬಿಡುವುದಂತೂ ಬೇಡವೇ ಬೇಡ. ಒಟ್ಟು ಚಾರ್ಜ್ ಸೊನ್ನೆ ಅಲ್ಲದಾಗ ಗ್ರಿಡ್‌ನಲ್ಲಿ ಹಾಗೆ ಮಾಡಿದರೆ ಆ ಬಿಂದುವಿನಲ್ಲಿ ವಿರುದ್ಧ ಚಾರ್ಜ್ ಇಟ್ಟ ಹಾಗೆ. ನನ್ನ ಹೊಲಿಗೆಯ ಕಥೆಯೇ ಮತ್ತೆ, ಅಲ್ವಾ?

ಇವತ್ತೇ ಸಮೀಕರಣದ ಬಲಬದಿಯ (ಚಾರ್ಜ್‌ಗಳ) ಮೊತ್ತವನ್ನು ಪ್ರಿಂಟ್ ಮಾಡಿ ನೋಡಿ. ಸೊನ್ನೆ ಬರುವ ತನಕ ಸಾಲ್ವರ್ ಮುಟ್ಟಬೇಡಿ.