ತಿಂಗಳುಗಟ್ಟಲೆ ನಿಂತ ಹಳೆಯ ಬುಲೆಟ್‌ನಲ್ಲಿ ಆಯಿಲ್ ಕಡಿಮೆ ಕಂಡರೆ ಸುರಿಯಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಿಮ್ಮ ತಂದೆಯವರ 1986ರ ಬುಲೆಟ್ 350 ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿತ್ತು, ಈಗ ಮುಚ್ಚಳ ತೆಗೆದು ನೋಡಿದರೆ ಆಯಿಲ್ ಡಿಪ್‌ಸ್ಟಿಕ್ಕಿನ (ಮಟ್ಟ ಅಳೆಯುವ ಕಡ್ಡಿಯ) ತುದಿಗೆ ಮಾತ್ರ ಅಂಟುತ್ತಿದೆ, ಆದರೆ ನೆಲದ ಮೇಲೆ ನಾಲ್ಕು ಹನಿ ಬಿಟ್ಟರೆ ಸೋರಿಕೆಯ ಗುರುತಿಲ್ಲ. ಒಂದು ಲೀಟರ್ ತಂದು ಸುರಿಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಸುರಿಯಬೇಡಿ. ನಿಮ್ಮ ಆಯಿಲ್ ಬಹುತೇಕ ಎಲ್ಲಿಗೂ ಹೋಗಿಲ್ಲ, ಎಂಜಿನ್ನಿನ ಒಳಗೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಇಳಿದಿದೆ.

ಬೇರೆ ಬೈಕುಗಳನ್ನು ಓಡಿಸಿ ಬಂದವರಿಗೆ ಇದು ವಿಚಿತ್ರವೆನಿಸುವುದು ಸಹಜ. ಹೀರೋ ಹೋಂಡಾ ಸ್ಪ್ಲೆಂಡರ್‌ನಂಥ ಎಂಜಿನ್ನಿನಲ್ಲಿ ಆಯಿಲ್ ತಳದಲ್ಲೇ ಇರುತ್ತದೆ, ಪಂಪು ಅಲ್ಲಿಂದ ಎತ್ತಿ ಮೇಲಕ್ಕೆ ಕಳಿಸುತ್ತದೆ, ಅದು ಮತ್ತೆ ತಳಕ್ಕೇ ಬಂದು ಬೀಳುತ್ತದೆ. ನಿಮ್ಮದರಂಥ ಹಳೆಯ ಕ್ಯಾಸ್ಟ್ ಐರನ್ (ಎರಕದ ಕಬ್ಬಿಣದ ಸಿಲಿಂಡರಿನ) ಬುಲೆಟ್ಟಿನ ಲೆಕ್ಕವೇ ಬೇರೆ. ಅದರ ಆಯಿಲ್ ಟ್ಯಾಂಕು ಸೀಟಿನ ಕೆಳಗೆ ಪ್ರತ್ಯೇಕವಾಗಿಲ್ಲ, ಎಂಜಿನ್ನಿನ ಕೆಳಭಾಗದ ಕವಚವಾದ ಕ್ರ್ಯಾಂಕ್‌ಕೇಸಿನ ಎರಕದಲ್ಲೇ, ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುವ ಚೇಂಬರಿನ ಹಿಂದೆ ಒಂದು ಗೋಡೆಯ ಆಚೆ ಇದೆ. ಡಿಪ್‌ಸ್ಟಿಕ್ ಅಳೆಯುವುದು ಈ ಟ್ಯಾಂಕನ್ನು ಮಾತ್ರ. ಟೈಮಿಂಗ್ ಕವರಿನಲ್ಲಿರುವ ಎರಡು ಪಂಪುಗಳ ಪೈಕಿ ಒಂದು ಟ್ಯಾಂಕಿನಿಂದ ಆಯಿಲನ್ನು ಬಿಗ್ ಎಂಡ್ ಬೇರಿಂಗಿಗೆ (ಪಿಸ್ಟನ್ನಿನ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿಗೆ) ಕಳಿಸಿದರೆ, ಇನ್ನೊಂದು ಚೇಂಬರಿನ ತಳಕ್ಕೆ ಬಿದ್ದದ್ದನ್ನು ಹೀರಿ ಹಿಂದಿರುಗಿಸುತ್ತದೆ. ಹಿಂದಿರುಗಿಸುವ ಪಂಪಿನ ಸಾಮರ್ಥ್ಯ ಕಳಿಸುವುದಕ್ಕಿಂತ ಹೆಚ್ಚಿರುವುದರಿಂದ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಚೇಂಬರು ಹೆಚ್ಚುಕಡಿಮೆ ಖಾಲಿಯಾಗಿಯೇ ಉಳಿಯುತ್ತದೆ. ಬೈಕು ವಾರಗಟ್ಟಲೆ ನಿಂತಾಗ ಮಾತ್ರ, ಸವೆದ ಪಂಪಿನ ಸಂದಿಯಿಂದ ಆಯಿಲ್ ತನ್ನ ಭಾರದಿಂದಲೇ ನುಸುಳಿ, ಬಿಗ್ ಎಂಡಿನ ಮೂಲಕ ಹನಿಹನಿಯಾಗಿ ಚೇಂಬರಿಗೆ ಇಳಿಯುತ್ತದೆ. ಬುಲೆಟ್ ಸಾಕಿದವರು ಇದನ್ನು ವೆಟ್ ಸಂಪಿಂಗ್ ಎನ್ನುತ್ತಾರೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನನ್ನ ಬಳಿ ಇರುವುದೂ ಅದೇ ಕಾಲದ 350. ಮಲೆನಾಡಿನ ಮಳೆಗೆ ಹೆದರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೊರಗೆ ತೆಗೆಯುವುದಿಲ್ಲ. ಮೊದಲ ವರ್ಷ ನಿಮ್ಮಂತೆಯೇ ಡಿಪ್‌ಸ್ಟಿಕ್ ನೋಡಿ ಗಾಬರಿಯಾಗಿ, ಮೇಲಿನ ಗೆರೆ ಮುಟ್ಟುವವರೆಗೆ ಮುಕ್ಕಾಲು ಲೀಟರ್ ಹೊಸ ಆಯಿಲ್ ತುಂಬಿಸಿದೆ. ಕಿಕ್ಕರು ಅಂದು ಯಾಕೋ ಕೆಸರಿನಲ್ಲಿ ಕಾಲಿಟ್ಟ ಹಾಗೆ ಭಾರವಾಗಿತ್ತು, ಆಗಲೂ ನನಗೆ ಹೊಳೆಯಲಿಲ್ಲ. ಸ್ಟಾರ್ಟ್ ಆದೊಡನೆ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದು ಅಂಗಳ ತುಂಬಿತು. ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿ ನೋಡಿದರೆ ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ ಒಸರಿ ಹಿಂದಿನ ಟಯರಿನ ಅಂಚಿನವರೆಗೂ ಸಿಡಿದಿತ್ತು. ಆ ಟಯರಿನಲ್ಲಿ ತಿರುವಿನಲ್ಲಿ ಬಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ, ಕಡಿಮೆ ಆಯಿಲ್ ಎಷ್ಟು ಕೆಟ್ಟದ್ದೋ ಈ ಎಂಜಿನ್ನಿನಲ್ಲಿ ಹೆಚ್ಚು ಆಯಿಲ್ ಕೂಡ ಹೆಚ್ಚುಕಡಿಮೆ ಅಷ್ಟೇ ತೊಂದರೆಯದು ಎಂಬುದು ನನ್ನ ಅಭಿಪ್ರಾಯ.

ಈಗ ನೀವು ಮಾಡಬೇಕಾದದ್ದು. ಬೈಕನ್ನು ಸಮತಟ್ಟಾದ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಬೈಕಿನ ಅಳತೆಗೆ ಅರ್ಥವಿಲ್ಲ. ಡಿಪ್‌ಸ್ಟಿಕ್ಕಿನ ತುದಿಗೂ ಆಯಿಲ್ ಸಿಗದೆ ಪೂರಾ ಒಣಗಿದ್ದರೆ ಸ್ಟಾರ್ಟ್ ಮಾಡುವುದು ಬೇಡ, ಏಕೆಂದರೆ ಬೇರಿಂಗಿಗೆ ಕಳಿಸುವ ಪಂಪಿಗೆ ಹೀರಲು ಏನೂ ಇರುವುದಿಲ್ಲ. ಆಗ ಚೇಂಬರಿನ ಡ್ರೈನ್ ಪ್ಲಗ್ ಬಿಚ್ಚಿ, ಇಳಿದದ್ದನ್ನೆಲ್ಲ ಸ್ವಚ್ಛವಾದ ಬೇಸಿನ್ನಿನಲ್ಲಿ ಹಿಡಿದು, ಪ್ಲಗ್ ಬಿಗಿ ಮಾಡಿ, ಟ್ಯಾಂಕಿಗೆ ಹೊಸ ಆಯಿಲ್ ತುಂಬಿಸಿ ಮುಂದುವರಿಯಿರಿ. ನಿಮ್ಮದು ತುದಿಗಾದರೂ ತಾಗುತ್ತಿರುವುದರಿಂದ ಅಷ್ಟು ದೂರ ಹೋಗಬೇಕಿಲ್ಲ. ಇಗ್ನಿಷನ್ ಆಫ್ ಇರುವಾಗಲೇ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್ ಒತ್ತಿ ಹಿಡಿದು ಹತ್ತು ಹನ್ನೆರಡು ಸಲ ನಿಧಾನವಾಗಿ ಕಿಕ್ಕರ್ ತುಳಿಯಿರಿ, ಪಂಪುಗಳು ಕೊಂಚ ಆಯಿಲ್ ಆಡಿಸಲಿ. ಆಮೇಲೆ ಸ್ಟಾರ್ಟ್ ಮಾಡಿ, ಎಕ್ಸಲರೇಟರ್ ಹಿಂಡದೆ ನಾಲ್ಕೈದು ನಿಮಿಷ ಓಡಲು ಬಿಡಿ. ಮೊದಲು ಹೊಗೆ ಬಂದೀತು, ಗಾಬರಿಯಾಗಬೇಡಿ. ಆಯಿಲ್ ಓಡಾಡುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಸಿಲಿಂಡರ್ ಹೆಡ್ಡಿನ ರಾಕರುಗಳಿಗೆ (ವಾಲ್ವ್ ಒತ್ತುವ ತೋಳುಗಳಿಗೆ) ಆಯಿಲ್ ಒಯ್ಯುವ ಸಣ್ಣ ಪೈಪಿನ ಬೋಲ್ಟನ್ನು ಒಂದೆಳೆ ಸಡಿಲಿಸಿ ನೋಡಿ. ಅಂಚಿನಲ್ಲಿ ಆಯಿಲ್ ಜಿನುಗಿದರೆ ಪಂಪು ಕೆಲಸ ಮಾಡುತ್ತಿದೆ ಎಂದರ್ಥ. ಸಾಧ್ಯವಾದರೆ ಐದಾರು ಕಿಲೋಮೀಟರ್ ಓಡಿಸಿ ಬನ್ನಿ, ಅಳತೆ ಆಗ ಇನ್ನೂ ನಂಬಿಕೆಗೆ ಅರ್ಹವಾಗುತ್ತದೆ.

ಬಂದು ನಿಲ್ಲಿಸಿದ ಮೇಲೆ ಎರಡು ಮೂರು ನಿಮಿಷ ಕಾದು ಮುಚ್ಚಳ ತೆಗೆಯಿರಿ. ಡಿಪ್‌ಸ್ಟಿಕ್ಕನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಳಗಿಟ್ಟು, ಮತ್ತೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಮೊದಲ ಸಲ ತೆಗೆದಾಗ ಕಾಣುವುದು ಅಲುಗಾಟದಲ್ಲಿ ಮೇಲಕ್ಕೆ ಸಿಡಿದು ಅಂಟಿದ ಆಯಿಲ್, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ತಿರುಪಿರುವ ಮುಚ್ಚಳವಾದರೆ ಅಳೆಯುವಾಗ ಬಿಗಿಯಬೇಕೋ ಬೇಡವೋ ಎಂಬ ಗೊಂದಲ ಎಲ್ಲ ಹಳೆಯ ಬೈಕುಗಳಲ್ಲೂ ಇದೆ. ಸ್ಪ್ಲೆಂಡರ್‌ನಲ್ಲಿ ಬಿಗಿಯದೆ, ಸುಮ್ಮನೆ ಮೇಲೆ ಕೂರಿಸಿ ನೋಡಬೇಕು. ನಿಮ್ಮದರಲ್ಲಿ ಬೈಕಿನ ಕೈಪಿಡಿ ಹೇಳಿದಂತೆ ಮಾಡಿ, ಮತ್ತು ಪ್ರತಿ ಸಲವೂ ಒಂದೇ ರೀತಿಯಲ್ಲಿ ಮಾಡಿ. ಹೀಗೆ ನೋಡಿದಾಗಲೂ ಮಟ್ಟ ಕೆಳಗಿನ ಗೆರೆಯ ಹತ್ತಿರವೇ ಇದ್ದರೆ ಆಗ ಮಾತ್ರ 20ಡಬ್ಲ್ಯೂ-50 ಆಯಿಲನ್ನು ನೂರು ನೂರು ಮಿಲಿಲೀಟರಿನಂತೆ ಹಾಕಿ, ನಡುನಡುವೆ ಅಳೆಯಿರಿ. ಇಡೀ ಎಂಜಿನ್ನಿಗೆ ಹಿಡಿಸುವುದೇ 2 ಲೀಟರಿನ ಆಸುಪಾಸು. ಹಾಗಾಗಿ ಒಂದು ಲೀಟರಿನ ಡಬ್ಬಿ ಪೂರ್ತಿ ಸುರಿಯುವುದೆಂದರೆ ಸಣ್ಣ ವಿಷಯವಲ್ಲ. ಎರಡು ಗೆರೆಗಳ ನಡುವಿಗಿಂತ ಸ್ವಲ್ಪ ಮೇಲೆ ಬಂದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ.

ಅಳೆಯುವಾಗ ಬಣ್ಣವನ್ನೂ ವಾಸನೆಯನ್ನೂ ಗಮನಿಸಿ. ಮುಚ್ಚಳದ ಒಳಮೈಯಲ್ಲಿ ಕೆನೆಯಂಥ ಬಿಳಿ ಪದರ ಕಂಡರೆ ಅದು ತೇವ. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿದರೆ ತೆಳುವಾದ ಪದರ ಹೋಗುತ್ತದೆ, ಆಯಿಲೆಲ್ಲ ಹಾಲಿನಂತಾಗಿದ್ದರೆ ಬದಲಿಸಲೇಬೇಕು. ಮಟ್ಟ ಏರಿದ್ದು ಆಯಿಲ್ ನೀರುನೀರಾಗಿ ಪೆಟ್ರೋಲ್ ವಾಸನೆ ಹೊಡೆದರೆ, ಪೆಟ್ರೋಲ್ ಟ್ಯಾಂಕಿನ ಕಾಕ್ ಮುಚ್ಚದೆ ಬಿಟ್ಟಿದ್ದರಿಂದ ಕಾರ್ಬುರೇಟರ್ ತುಂಬಿ ಹರಿದು ಪೆಟ್ರೋಲ್ ಕೆಳಗಿಳಿದಿರುತ್ತದೆ. ಅಂಥ ಆಯಿಲಿನಲ್ಲಿ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ವೆಟ್ ಸಂಪಿಂಗಿಗಾಗಿ ಎಂಜಿನ್ ಬಿಚ್ಚಿಸಬೇಕೇ ಎಂದು ಮುಂದಿನ ಪ್ರಶ್ನೆ ಬರಬಹುದು. ಎರಡು ಮೂರು ತಿಂಗಳಿಗೆ ಇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ರಾತ್ರಿ ನಿಲ್ಲಿಸಿದ್ದು ಬೆಳಗ್ಗೆಗೇ ಅರ್ಧ ಇಳಿದಿದ್ದರೆ ಪಂಪಿನ ಡಿಸ್ಕು ಮತ್ತು ಪ್ಲಂಜರ್ ಕೂರುವ ಮುಖಗಳನ್ನು ಹಳೆಯ ಬುಲೆಟ್ ಬಲ್ಲ ಮೆಕ್ಯಾನಿಕ್ಕಿನಿಂದ ಉಜ್ಜಿ ಕೂರಿಸಿಕೊಳ್ಳಿ.

ಇನ್ನೊಂದು ಮಾತು: ಈ ಡಿಪ್‌ಸ್ಟಿಕ್ ಕ್ಲಚ್ಚಿನ ಬಗ್ಗೆಯಾಗಲಿ ಗೇರ್‌ಬಾಕ್ಸಿನ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ನಿಮ್ಮ ಬೈಕಿನಲ್ಲಿ ಎಡಗಡೆಯ ಕ್ಲಚ್ ಕೇಸಿಗೂ ಹಿಂದಿನ ಗೇರ್‌ಬಾಕ್ಸಿಗೂ ಬೇರೆ ಬೇರೆ ಆಯಿಲ್. ಕ್ಲಚ್ ಕೇಸಿನ ಮಟ್ಟದ ಸ್ಕ್ರೂ ಬಿಚ್ಚಿದಾಗ ಅಂಚಿನಲ್ಲಿ ಒಂದೆರಡು ಹನಿ ಜಾರಿದರೆ ಅಲ್ಲಿ ಸರಿಯಿದೆ. ಏನೂ ಬರದಿದ್ದರೆ, ನೆಲದ ಮೇಲೆ ನೀವು ಕಂಡ ನಾಲ್ಕು ಹನಿಗಳು ಅಲ್ಲಿಯವೇ ಇರಬಹುದು.