ಕಂಬ ಹೋಯಿತು, ಗುಳಿ ಉಳಿಯಿತು

ಪ್ರಶ್ನೆ: ಇಂಗ್ಲೆಂಡಿನ ಒಂದು ಉತ್ಖನನದ ಫೋಟೋ ನೋಡಿದೆ. ಖಾಲಿ ಬಯಲಲ್ಲಿ ಒಂದಷ್ಟು ಕಪ್ಪು ಚುಕ್ಕೆಗಳು, ಅಷ್ಟೇ. ಕೆಳಗೆ ‘ರೋಮನ್ನರಿಗಿಂತ ಹಿಂದಿನ ಮನೆ’ ಅಂತ ಬರೆದಿತ್ತು. ಗೋಡೆಯಿಲ್ಲ, ಸೂರಿಲ್ಲ. ಮನೆ ಅಂತ ಹೇಗೆ ಹೇಳುತ್ತಾರೆ? ರೋಮನ್ನರು ಬಂದ ಮೇಲೆ ಆ ಹಳ್ಳಿಗಳು ಏನಾದವು?

ಉತ್ತರ: ಮೊದಲ ಸಲ ಅಂಥ ಬಯಲಲ್ಲಿ ನಿಂತಾಗ ನನಗೂ ಏನೂ ಕಾಣಲಿಲ್ಲ. ದಕ್ಷಿಣ ಇಂಗ್ಲೆಂಡಿನ ಹೊಲ ಅದು. ಮೇಲ್ಮಣ್ಣು ತೆಗೆದರೆ ಕೆಳಗೆಲ್ಲ ಸೀಮೆಸುಣ್ಣದಂಥ ಬಿಳಿ ನೆಲ. ಮಂಡಿಯೂರಿ ಕರಣೆಯಲ್ಲಿ ಕೆರೆಯುತ್ತಾ ಹೋದೆ. ಅಂಗೈಯಗಲ ಕಂದು ಮಣ್ಣು ಸಿಕ್ಕಿತು. ಪಕ್ಕದಲ್ಲಿದ್ದ ಹಿರಿಯರು ‘ನಿಲ್ಲಿಸು, ಅದು ಕಂಬದ ಗುಳಿ’ ಎಂದರು.

ಮರದ ಕಂಬ ಕೊಳೆತು ಹೋಗುತ್ತದೆ. ಆದರೆ ಆ ಜಾಗ ತುಂಬಿಕೊಂಡ ಮಣ್ಣು ಸುತ್ತಲಿನ ನೆಲದಂತೆ ಇರುವುದಿಲ್ಲ. ಬಣ್ಣ ಬೇರೆ, ಮುಟ್ಟಿದರೆ ಮೆತ್ತಗೆ. ಗುಳಿಯನ್ನು ಮೊದಲು ಅರ್ಧ ಮಾತ್ರ ಬಗೆಯುತ್ತೇವೆ. ಉಳಿದ ಅರ್ಧದಲ್ಲಿ ಪದರಗಳು ಕಾಣುತ್ತವೆ. ಎಷ್ಟೋ ಸಲ ಕಂಬ ನಿಂತಿದ್ದ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತದೆ, ಅದರ ಸುತ್ತ ಬಿಗಿಯಾಗಿ ತುರುಕಿದ ಕಲ್ಲುಗಳು. ಇಂಥ ಗುಳಿಗಳು ದುಂಡಗೆ ಸುತ್ತುವರಿದಿದ್ದರೆ ಅದು ಮನೆ. ನಿಮ್ಮ ಫೋಟೋ ಮತ್ತೊಮ್ಮೆ ನೋಡಿ, ಬಾಗಿಲು ಹುಡುಕಿ. ಜಾಸ್ತಿ ಮನೆಗಳಿಗೆ ಅದು ಪೂರ್ವಕ್ಕೋ ಆಗ್ನೇಯಕ್ಕೋ ಇರುತ್ತದೆ.

ಗುಳಿ ಓದುವುದರಲ್ಲಿ ತಿಳಿದವರೂ ಎಡವಿದ್ದುಂಟು. ಇಂಥ ಊರುಗಳಲ್ಲಿ ಆಳುದ್ದದ ಗುಂಡಿಗಳೂ ಸಿಗುತ್ತವೆ. ಜನ ಅವುಗಳೊಳಗೇ ವಾಸವಿದ್ದರು ಅಂತ ಹಿಂದೆ ನಂಬಿದ್ದರು. 1938-39ರಲ್ಲಿ ಸಾಲ್ಸ್‌ಬರಿ ಹತ್ತಿರದ ಲಿಟಲ್ ವುಡ್‌ಬರಿಯಲ್ಲಿ ಗೆರ್ಹಾರ್ಡ್ ಬೆರ್ಸು ಅಗೆದರು. ನಾಜಿಗಳು ಹುದ್ದೆಯಿಂದ ತೆಗೆದಿದ್ದ ಜರ್ಮನ್ ವಿದ್ವಾಂಸ ಅವರು. ಜನ ಇದ್ದದ್ದು ಮೇಲೆ, ದೊಡ್ಡ ದುಂಡು ಮನೆಯಲ್ಲಿ. ಗುಂಡಿಗಳು ಕಾಳು ತುಂಬುವ ಹಗೇವುಗಳು ಎಂದು ತೋರಿಸಿಕೊಟ್ಟರು. ಮುಂದೆ ಹಳೇ ಕಾಲದ ಬೇಸಾಯವನ್ನು ಮಾಡಿ ನೋಡುವ ಬಟ್ಸರ್ ಫಾರ್ಮ್‌ನಲ್ಲಿ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ ನಿಜಕ್ಕೂ ಕಾಳು ತುಂಬಿ, ಬಾಯಿ ಮುಚ್ಚಿ ನೋಡಿದರು. ಅಂಚಿನ ಕಾಳು ಮೊಳೆತು ಒಳಗಿನ ಆಮ್ಲಜನಕ ಮುಗಿಸಿತು. ನಡುವಿನ ಕಾಳು ಚಳಿಗಾಲವಿಡೀ ಕೆಡಲಿಲ್ಲ. ನನಗೆ ಬೆರ್ಸು ಅವರ ಅಗೆತದಷ್ಟೇ ಈ ಪ್ರಯೋಗವೂ ಇಷ್ಟ.

ಇನ್ನು ರೋಮನ್ನರು. ಕ್ರಿ.ಶ. 43ರಲ್ಲಿ ಸೈನ್ಯ ಬಂತು. ಹಾಗಂತ ಹಳ್ಳಿಗಳು ರಾತ್ರೋರಾತ್ರಿ ಬದಲಾಗಲಿಲ್ಲ. ಎಷ್ಟೋ ಕಡೆ ತಲೆಮಾರುಗಳವರೆಗೆ ದುಂಡು ಮನೆಗಳೇ ಇದ್ದವು. ನಾನು ಅಗೆದ ಊರಿನ ಸುತ್ತಲಿನ ಕಂದಕದಲ್ಲಿ ತಳದ ಪದರದಲ್ಲಿ ಕೈಯಲ್ಲೇ ತಟ್ಟಿದ ಮಡಕೆ ಚೂರು ಸಿಕ್ಕವು. ಮೇಲಿನ ಪದರದಲ್ಲಿ ಗಾಲ್ ದೇಶದಿಂದ, ಅಂದರೆ ಈಗಿನ ಫ್ರಾನ್ಸ್ ಕಡೆಯಿಂದ, ಬಂದ ಕೆಂಪು ಹೊಳಪಿನ ಬಟ್ಟಲಿನ ಒಂದು ಚೂರು. ಅದೇ ಕಂದಕ, ಹೂಳು ತೆಗೆದು ಮತ್ತೆ ತೋಡಿದ್ದರು. ಹೊಸ ಬಟ್ಟಲು ಕೊಂಡವರು ಹಳಬರ ಮೊಮ್ಮಕ್ಕಳೇ ಇರಬೇಕು ಅಂತ ನನಗನ್ನಿಸುತ್ತದೆ.