ಪರಿಹಾರಧನ ಸುತ್ತಿನಿಂದ ಸುತ್ತಿಗೆ ಇಳಿಯುತ್ತಿದ್ದರೆ

ನಿಮ್ಮ ಕಂಪನಿ ಸುತ್ತು ಸುತ್ತಾಗಿ ನೌಕರರನ್ನು ಕೆಲಸದಿಂದ ತೆಗೆಯುತ್ತಿದೆ, ಮೊದಲ ಸುತ್ತಿನಲ್ಲಿ ಕೆಲಸ ಕಳೆದುಕೊಂಡವರಿಗೆ ಪರಿಹಾರವಾಗಿ 6 ತಿಂಗಳ ಸಂಬಳ ಸಿಕ್ಕಿದ್ದು ಈಗ 2 ತಿಂಗಳಿಗೆ ಇಳಿದಿದೆ ಎಂದುಕೊಳ್ಳಿ. ಈ ಇಳಿಕೆಗೆ ಬಹುಮಟ್ಟಿಗೆ ಕಾರಣ, ಕಂಪನಿಯ ಕೈಯಲ್ಲಿರುವ ನಗದು ಕರಗುತ್ತಿರುವುದು ಮತ್ತು ಆ ಮೊತ್ತ ಕರಾರಿನಲ್ಲಿ ಬರೆದದ್ದಾಗಿರದೆ ಆಡಳಿತದ ಮರ್ಜಿಗೆ ಬಿಟ್ಟದ್ದಾಗಿರುವುದು. ಆದ್ದರಿಂದ ಮೊದಲು ನೇಮಕಾತಿ ಪತ್ರವನ್ನು ಓದಿ, ನೋಟಿಸ್ ಅವಧಿಯ ವೇತನದಂತಹ, ಕರಾರು ಅಥವಾ ಕಾನೂನಿನಂತೆ ಬರಲೇಬೇಕಾದ ಹಣವನ್ನು ಬೇರೆಯಾಗಿ ಲೆಕ್ಕಹಾಕಿ. ಕಂಪನಿ ಇಷ್ಟಬಂದಂತೆ ಕಡಿತಗೊಳಿಸಬಹುದಾದದ್ದು ಉಳಿದ ಭಾಗವನ್ನು ಮಾತ್ರ. ಸಂಬಳದ ಚೀಟಿಗಳ ಪ್ರತಿಗಳನ್ನು ಈಗಲೇ ಮನೆಯಲ್ಲಿ ಇಟ್ಟುಕೊಳ್ಳಿ, ಕಚೇರಿಯ ಖಾತೆ ಮುಚ್ಚುವುದು ಒಂದು ಕ್ಷಣದ ಕೆಲಸ. ಸ್ವಇಚ್ಛೆಯಿಂದ ಹೊರಡುವ ಯೋಜನೆ ಬಂದರೆ ಕಂತುಗಳಿಗೆ ಒಪ್ಪದೆ ಒಂದೇ ಬಾರಿಯ ಪಾವತಿ ಕೇಳಿ, ಏಕೆಂದರೆ ಕಂಪನಿ ದಿವಾಳಿಯಾದಲ್ಲಿ ಉಳಿದ ಕಂತುಗಳಿಗಾಗಿ ನೀವು ಅದಕ್ಕೆ ಸಾಲ ಕೊಟ್ಟ ಬ್ಯಾಂಕುಗಳೊಂದಿಗೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಮುಂದಿನ ಸುತ್ತು ಯಾವಾಗ ಎಂಬುದನ್ನು ಹೊರಗಿನಿಂದ ಹೇಳಲಾಗದು. ಆದರೆ ಸಂಬಳವೇ ತಡವಾಗತೊಡಗಿದ್ದರೆ ನಾನಂತೂ ಕಾಯುವುದಿಲ್ಲ. ಸಹಿ ಹಾಕುವ ಮುನ್ನ ಕಾಗದವನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿ.